ಹಗಲಲ್ಲಿ ದೀಪ ಹಾಕಿ ಬಂದ ಲಾರಿ

ಮೂರನೆಯ ತಿರುವಿಗೇ ಪೊಲೀಸ್ ವ್ಯಾನಿನ ಡ್ರೈವರ್ ಕೈಚೆಲ್ಲಿದ. ಗಾಡಿಯನ್ನು ಹೇಗೋ ಬದಿಗೆ ತಂದು ನಿಲ್ಲಿಸಿ, ಬಾಗಿಲು ತೆರೆದು ಓಡಿ, ತಡೆಗಲ್ಲನ್ನು ತಬ್ಬಿಕೊಂಡು ಬೆಳಗಿನ ತಿಂಡಿಯನ್ನೆಲ್ಲ ಕಣಿವೆಗೆ ಒಪ್ಪಿಸಿದ.

“ಬಯಲಲ್ಲಿ ಎಷ್ಟು ದೂರ ಬೇಕಾದ್ರೂ ಓಡಿಸ್ತೀನಿ ಸಾರ್,” ಎಂದ ಬಾಯಿ ಒರೆಸಿಕೊಳ್ಳುತ್ತ. “ಈ ಹಾಳು ಬೆಟ್ಟ ಮಾತ್ರ ಬೇಡ. ರಸ್ತೆಗಿಂತ ಜಾಸ್ತಿ ನನ್ನ ಹೊಟ್ಟೆ ತಿರುಗ್ತಿದೆ.”

“ಹಿಂದೆ ಹೋಗಿ ಕೂತ್ಕೋ. ಕೈಯಲ್ಲೊಂದು ಕವರ್ ಇಟ್ಕೋ,” ಎಂದು ಇನ್ಸ್‌ಪೆಕ್ಟರ್ ತಾನೇ ಸ್ಟೀರಿಂಗ್ ಮುಂದೆ ಕುಳಿತ.

ಅವನಿಗೆ ಇದು ಬೇಡವಾಗಿತ್ತು. ಪಕ್ಕದ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತು, ಎಲ್ಲಿಂದಲೋ ಬಂದ ಅಧಿಕಾರಿಯ ಹಾಗೆ ಹೊರಗೆ ನೋಡುತ್ತ ಹೋಗಿಬಂದುಬಿಡಬೇಕೆಂದು ಲೆಕ್ಕ ಹಾಕಿದ್ದ. ಈ ರಸ್ತೆಯ ಒಂದೊಂದು ತಿರುವೂ ಅವನಿಗೆ ಗೊತ್ತು. ಗೊತ್ತೆಂಬುದು ಮಾತ್ರ ಇಲಾಖೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಹಿಂದಿನ ಸೀಟಿನಲ್ಲಿ, ದಫೇದಾರನ ಪಕ್ಕದಲ್ಲಿ, ಕೈಗೆ ಕೋಳ ಹಾಕಿಸಿಕೊಂಡು ಗೇರಣ್ಣ ಕುಳಿತಿದ್ದ. ಬೆಟ್ಟದ ಹಳೆಯ ಸರ್ವೇಯರ್ ಅಳತೆ ಮೇಷ್ಟ್ರನ್ನು ತನ್ನ ಲಾರಿಯಿಂದ ಅವರ ಜೀಪಿನ ಸಮೇತ ಕಣಿವೆಗೆ ನೂಕಿ ಕೊಂದನೆಂದು, ಹೋದ ವಾರ ಟೀವಿ ಕ್ಯಾಮೆರಾಗಳ ಮುಂದೆ ಇನ್ಸ್‌ಪೆಕ್ಟರ್ ಕೊರಳಪಟ್ಟಿ ಹಿಡಿದು ವ್ಯಾನಿಗೆ ತಳ್ಳಿದ್ದು ಇದೇ ಮುದುಕನನ್ನು.

ಇವತ್ತು ಸ್ಥಳದ ಮಹಜರು ಮುಗಿದರೆ ಸಂಜೆಗೆ ಆರೋಪಪಟ್ಟಿ ಹೋಗುತ್ತದೆ. ಕೊಲೆ ಕೇಸು. ಗೇರಣ್ಣನ ವಯಸ್ಸಿಗೆ, ಒಮ್ಮೆ ಒಳಗೆ ಹೋದರೆ ಮತ್ತೆ ಈ ಬೆಟ್ಟ ನೋಡುವ ಮಾತಿಲ್ಲ.

ವ್ಯಾನು ಏರತೊಡಗಿತು. ಎಡಕ್ಕೆ ಬೆಟ್ಟದ ಗೋಡೆ, ಬಲಕ್ಕೆ ಕಣಿವೆ. “ಸುಂದರ ಪರ್ವತ ಮಾರ್ಗ, ನಿಧಾನವಾಗಿ ಚಲಿಸಿ ಆನಂದಿಸಿ” ಎಂಬ ಹೊಸ ಬೋರ್ಡು ಬಂತು. ಅದರ ಪಕ್ಕ ಹಳೆಯ ಅದಿರು ತಳ್ಳುಗಾಡಿಯೊಂದಕ್ಕೆ ಕೆಂಪು ಬಣ್ಣ ಬಳಿದು, ಅದರಲ್ಲಿ ಹೂವಿನ ಗಿಡ ನೆಟ್ಟು ನಿಲ್ಲಿಸಿದ್ದರು. ಹೊಸದಾಗಿ ಮದುವೆಯಾದ ಜೋಡಿಯೊಂದು ಅದರೊಳಗೇ ಹತ್ತಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿತ್ತು. ಆ ಗಾಡಿಗೆ ಸಿಕ್ಕಿ ಬೆರಳು ಕಳೆದುಕೊಂಡವರು ಎಷ್ಟು ಜನವೋ. ಆ ಹುಡುಗಿಗೆ ಅದು ತೊಟ್ಟಿಲಿನಷ್ಟು ಮುದ್ದಾಗಿ ಕಂಡಿರಬೇಕು.

ಮೇಲಕ್ಕೆ ಹೋದಂತೆ ಸುರಂಗದ ಬಾಯಿಗಳು ಕಂಡವು. ಎಲ್ಲಕ್ಕೂ ಕಬ್ಬಿಣದ ಜಾಲರಿ. ಸೂರಿಲ್ಲದ ಕೂಲಿ ಮನೆಗಳ ಸಾಲು, ಅದಿರು ಮೇಲೆತ್ತುತ್ತಿದ್ದ, ಈಗ ತುಕ್ಕು ಹಿಡಿದ ಎತ್ತುಗಂಬ, ಅದಿರು ತೊಳೆದು ಸುರಿದ ಬೂದು ಮಣ್ಣಿನ ಗುಡ್ಡೆಗಳು. ಆ ಗುಡ್ಡೆಗಳ ಮೇಲೆ ಈಗ ಹಳದಿ ಹೂವು ಬಿಟ್ಟಿತ್ತು.

“ಏನು ಜಾಗ ಸಾರ್!” ದಫೇದಾರ ಕಿಟಕಿಯಿಂದ ಫೋನು ಹೊರಗೆ ಹಾಕಿ ಫೋಟೋ ಹೊಡೆಯುತ್ತಿದ್ದ. “ನಮ್ಮನೆಯವಳು ನೋಡಿದ್ರೆ ವಾಪಸ್ ಬರೋದೇ ಇಲ್ಲ ಅಂತಾಳೆ. ನಿಮ್ಮ ತಂದೆಯವರು ಯಾವ್ದೋ ಗಣಿ ಆಫೀಸಲ್ಲಿ ಇದ್ರಂತಲ್ಲ ಸಾರ್? ಇಂಥಾ ಕಡೆನೇನಾ?”

“ಹೂಂ. ಕಚೇರಿಯಲ್ಲಿದ್ರು.”

ಪೂರ್ತಿ ಸುಳ್ಳೇನಲ್ಲ. ದಿನಕ್ಕೆರಡು ಸಲ ಚೀಟಿಗೆ ಮೊಹರು ಹಾಕಿಸಿಕೊಳ್ಳಲು ಅಪ್ಪ ಕಚೇರಿಯ ಒಳಗೆ ಹೋಗುತ್ತಿದ್ದುದುಂಟು. ಉಳಿದ ಹೊತ್ತೆಲ್ಲ ಅದಿರು ಲಾರಿಯ ಸ್ಟೀರಿಂಗ್ ಹಿಂದೆ. ಹೆಣ್ಣು ನೋಡಲು ಹೋದಾಗ ಬಾಯಿಗೆ ಬಂದ ‘ಕಚೇರಿ’ ಆಮೇಲೆ ಬಾಯಲ್ಲೇ ಮನೆ ಮಾಡಿಕೊಂಡಿತ್ತು. ಹೆಂಡತಿಗೂ ಅದೇ, ಮಗನಿಗೂ ಅದೇ.

ಕನ್ನಡಿಯಲ್ಲಿ ಇನ್ಸ್‌ಪೆಕ್ಟರ್ ಹಿಂದೆ ನೋಡಿದ. ಗೇರಣ್ಣ ಆ ಮಾತು ಕೇಳಿಸಿಯೇ ಇಲ್ಲ ಎನ್ನುವಂತೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಸುಳ್ಳು ಹೇಳಿದವನ ಮಾನ ಉಳಿಸಲು ಮುಖ ತಿರುಗಿಸಿಕೊಂಡದ್ದು ಅದು. ಇನ್ಸ್‌ಪೆಕ್ಟರನಿಗೆ ಕಿವಿಯ ತುದಿಯವರೆಗೂ ಬಿಸಿಯೇರಿತು.

ಅವನು ಈ ಮುದುಕನನ್ನು ಮೊದಲ ದಿನವೇ ಗುರುತಿಸಿದ್ದ. ಚಿಕ್ಕಂದಿನಲ್ಲಿ ಇವನ ಹೆಗಲ ಮೇಲೆ ಕುಳಿತು, ಇವನ ಲಾರಿಯ ಗೇರು ಎಳೆದಾಡಿ, ‘ಗೇರ್ ಮಾವ’ ಎಂದು ಕರೆದು, ಆ ಹೆಸರು ಊರಿಗೆಲ್ಲ ಹಬ್ಬಿ ಗೇರಣ್ಣ ಆದದ್ದು ತನ್ನಿಂದಲೇ. ಮುದುಕನೂ ಗುರುತಿಸಿದ್ದ. ಆದರೆ ಇನ್ಸ್‌ಪೆಕ್ಟರ್ “ಏಯ್, ಹೆಸರೇನಯ್ಯಾ?” ಎಂದು ಗದರಿದೊಡನೆ, ಹೊಸಬರಿಗೆ ಹೇಳುವಂತೆ ತನ್ನ ಹೆಸರು ಹೇಳಿದ್ದ.

ಬರೀ ವಿಚಾರಣೆಯಾಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಕ್ಯಾಮೆರಾ ಮುಂದೆ ನಿಂತಾಗ ತನಗೆ ಅದೇನು ಜಂಭ ಹತ್ತಿತ್ತೋ! “ಸಾಕ್ಷಿ ಬಹಳ ಸರಳ. ರಸ್ತೆಯ ಬೆಟ್ಟದ ಬದಿಯಲ್ಲಿ ಬಿದ್ದ ಗಾಜೇ ಸಾಕ್ಷಿ. ಇಳಿದು ಬರುವ ಲಾರಿ ತನ್ನ ಎಡಕ್ಕೆ, ಕಣಿವೆಯ ಕಡೆ ಇರಬೇಕಿತ್ತು. ಜೀಪಿದ್ದ ಬೆಟ್ಟದ ಬದಿಗೇ ನುಗ್ಗಿದೆ. ಚಿಕ್ಕ ಮಗುವಿಗೂ ಅರ್ಥವಾಗುತ್ತೆ, ಇದು ಅಪಘಾತವಲ್ಲ” ಎಂದಿದ್ದ. ಜನ ಚಪ್ಪಾಳೆ ತಟ್ಟಿದ್ದರು.

ತೂಕದ ಮನೆಯ ತಿರುವು ಹತ್ತಿರವಾಗುತ್ತಿತ್ತು. ಹಿಂದೆ ಅದಿರು ಲಾರಿಗಳನ್ನು ತೂಗುತ್ತಿದ್ದ ಜಾಗ ಅದು. ಈಗ ಗೋಡೆ ಮಾತ್ರ ನಿಂತಿದೆ. ಅಲ್ಲೇ ಜೀಪು ಉರುಳಿದ್ದು.

ಆಗ ಮೇಲಿನಿಂದ ಒಂದು ನೀರಿನ ಟ್ಯಾಂಕರ್ ತಿರುವು ದಾಟಿ ಇಳಿಯಿತು.

ಬೆಟ್ಟದ ಬದಿಯಲ್ಲೇ ಇಳಿಯುತ್ತಿತ್ತು. ಅಂದರೆ ನೇರ ವ್ಯಾನಿನ ಮುಖಕ್ಕೆ. ಸುಡುವ ಬಿಸಿಲಿನಲ್ಲೂ ಅದರ ಎರಡೂ ದೀಪ ಉರಿಯುತ್ತಿದ್ದವು.

“ಸಾರ್!” ದಫೇದಾರ ಕಿರುಚಿದ.

ಇನ್ಸ್‌ಪೆಕ್ಟರ್ ಯೋಚಿಸಲಿಲ್ಲ. ಬ್ರೇಕಿನ ಮೇಲೆ ಕಾಲಿಡಲಿಲ್ಲ, ಹಾರನ್ ಒತ್ತಲಿಲ್ಲ. ಅವನ ಎರಡೂ ಕೈ ತಮ್ಮಷ್ಟಕ್ಕೆ ತಾವೇ ಸ್ಟೀರಿಂಗನ್ನು ಬಲಕ್ಕೆ ಎಳೆದವು. ವ್ಯಾನು ರಸ್ತೆ ದಾಟಿ ಕಣಿವೆಯ ಅಂಚಿಗೆ ಸರಿದು, ತಡೆಗಲ್ಲುಗಳ ಪಕ್ಕದಲ್ಲೇ ಮೆಲ್ಲಗೆ ಏರಿತು. ಟ್ಯಾಂಕರ್ ಬೆಟ್ಟಕ್ಕೆ ಅಂಟಿಕೊಂಡು, ವ್ಯಾನಿನ ಎಡಕ್ಕೆ, ಆರಾಮವಾಗಿ ಇಳಿದು ಹೋಯಿತು. ಅದರ ಡ್ರೈವರ್ ಅಂಗೈ ಎತ್ತಿ ತೋರಿಸಿದ. ಇನ್ಸ್‌ಪೆಕ್ಟರನ ಅಂಗೈಯೂ ಎದ್ದಿತು.

ವ್ಯಾನಿನ ಡ್ರೈವರ್ ಹಿಂದೆ ಕವರಿನೊಳಗೆ ಮುಖ ಹುದುಗಿಸಿದ್ದ. ದಫೇದಾರ ಕಂಡ ಕಂಡ ದೇವರನ್ನೆಲ್ಲ ಕರೆಯುತ್ತಿದ್ದ.

“ಕೈ ಮರೆತಿಲ್ಲ,” ಎಂದ ಗೇರಣ್ಣ. ಇಡೀ ದಾರಿಯಲ್ಲಿ ಅವನು ಆಡಿದ ಮೊದಲ ಮಾತು.

ಇನ್ಸ್‌ಪೆಕ್ಟರ್ ತೂಕದ ಮನೆಯ ಗೋಡೆಯ ಪಕ್ಕ ವ್ಯಾನು ನಿಲ್ಲಿಸಿದ. ಎಂಜಿನ್ ಆರಿಸಿದ ಮೇಲೂ ಸ್ಟೀರಿಂಗ್ ಬಿಡಲಿಲ್ಲ. ಟ್ಯಾಂಕರ್ ಎದುರಾದದ್ದಕ್ಕಲ್ಲ. ನಾಚಿಕೆಗೆ.

ಹೊರೆ ಇದ್ದದ್ದು ಒಳಗೆ, ಬರಿದಾದದ್ದು ಹೊರಗೆ.

ಮಾತು ಕಲಿಯುವಾಗಲೇ ಕಲಿತದ್ದಲ್ಲವೇ ಇದು! ಕಣಿವೆಯಂಚಿನ ಮಣ್ಣು ಸಡಿಲ. ತುಂಬಿದ ಲಾರಿ ಅದನ್ನು ತುಳಿದರೆ ಮಣ್ಣಿನ ಸಮೇತ ಕೆಳಗೆ. ಅದಕ್ಕೇ ಗಣಿಯ ಕಾಲದಿಂದ ಈ ಬೆಟ್ಟದಲ್ಲಿ ಒಂದೇ ಕಟ್ಟಳೆ. ಹೊರೆ ಹೊತ್ತ ಗಾಡಿ ಹಗಲಲ್ಲೂ ದೀಪ ಹಾಕಿಕೊಂಡು ಬೆಟ್ಟದ ಬದಿ ಹಿಡಿಯುತ್ತದೆ. ದೀಪ ಕಂಡ ಕೂಡಲೇ ಬರಿದಾದ ಗಾಡಿ, ಎಡ ಬಲ ನೋಡದೆ, ಹೊರಗಿನ ಅಂಚಿಗೆ ಸರಿಯುತ್ತದೆ. ಪ್ರವಾಸಿಗರಿಗೆ ಇದು ಗೊತ್ತಿಲ್ಲವೆಂದು, ಅವರು ಎದುರಾದರೆ ಬೆಟ್ಟದವರು ದೂರದಿಂದಲೇ ನಿಂತು ದಾರಿ ಬಿಡುತ್ತಾರೆ. ತಮ್ಮವರೇ ಎದುರಾದಾಗ ಯಾರೂ ನಿಲ್ಲುವುದಿಲ್ಲ. ಪೊಲೀಸ್ ವ್ಯಾನೂ ಕಟ್ಟಳೆ ಗೊತ್ತಿದ್ದವರದೇ ಎಂದುಕೊಂಡಿದ್ದ ಟ್ಯಾಂಕರ್‌ನವನು.

ಲಾರಿ ಸಿಕ್ಕಾಗ ಅದರ ದೀಪದ ಸ್ವಿಚ್ಚು ಹಾಕಿಯೇ ಇತ್ತು. ಇನ್ಸ್‌ಪೆಕ್ಟರ್ ಅದನ್ನು ಕಣ್ಣಾರೆ ಕಂಡು, “ವಯಸ್ಸಾಗಿದೆ, ಆರಿಸೋದು ಮರೆತಿದ್ದಾನೆ” ಎಂದು ನಕ್ಕಿದ್ದ. ಲಾರಿಯ ತುಂಬ ಚಪ್ಪಡಿ ಕಲ್ಲು ಇತ್ತು. ಅದನ್ನೂ ಕಂಡಿದ್ದ.

ಅವನು ಇಳಿದು ತಿರುವಿನಲ್ಲಿದ್ದ ದೊಡ್ಡ ಬಂಡೆಯ ಹತ್ತಿರ ಹೋದ. ಸುಣ್ಣದಲ್ಲಿ ಬರೆದ ಎರಡು ಗುರುತು ಅಲ್ಲಿ ಮಾಸಿ ಮಾಸಿ ಉಳಿದಿದ್ದವು. ಬೆಟ್ಟದ ಕಡೆಗೆ ತುಂಬಿದ ವೃತ್ತ, ಕಣಿವೆಯ ಕಡೆಗೆ ಬರೀ ಬಳೆಯಂಥ ವೃತ್ತ. ಹೋದ ವಾರ ಇದರ ಫೋಟೋ ತೆಗೆದಾಗ ‘ಪ್ರವಾಸಿಗರ ಗೀಚಾಟ’ ಎಂದು ಬದಿಗೆ ಸರಿಸಿದ್ದು ತಾನೇ.

ಇದನ್ನು ಬಂಡೆಯ ಮೇಲೆ ಬರೆದವರು ಯಾರು? ಗಣಿಯ ಸರ್ವೇ ಕೆಲಸ ಮಾಡಿ, ನಿವೃತ್ತರಾಗಿ, ಬೆಟ್ಟ ಬಿಟ್ಟು ಹೋಗದೆ ಇಲ್ಲೇ ಉಳಿದ ಅಳತೆ ಮೇಷ್ಟ್ರು. ಅವರು ಏಣಿ ಹತ್ತಿ ಬರೆಯುವಾಗ ಅಪ್ಪ ಕೆಳಗೆ ಸುಣ್ಣದ ಡಬ್ಬ ಹಿಡಿದು ನಿಂತದ್ದು ಇನ್ಸ್‌ಪೆಕ್ಟರನ ಕಣ್ಣಲ್ಲಿ ಇನ್ನೂ ಇತ್ತು. ಕಟ್ಟಳೆ ಬರೆದ ಮನುಷ್ಯ, ಎದುರಿಗೆ ದೀಪ ಹಾಕಿದ ಲಾರಿ ಕಂಡು ಒಳಬದಿಯಲ್ಲೇ ಉಳಿದನೇ? ಬರಿದಾದ ಜೀಪನ್ನು ಹೊರಗೆ ತಿರುಗಿಸಲಿಲ್ಲವೇ?

ಮೇಷ್ಟ್ರ ಕೈ ಅಂಥ ತಪ್ಪು ಮಾಡುವುದಿಲ್ಲ. ನಿದ್ದೆಗಣ್ಣಿನಲ್ಲೂ ಮಾಡುವುದಿಲ್ಲ.

ಅವನು ಫೋನು ತೆಗೆದು ವೈದ್ಯರ ವರದಿಯನ್ನು ಮತ್ತೆ ಓದಿದ. ಮೃತರ ಎಡ ಹೆಗಲಿನಿಂದ ಬಲ ಸೊಂಟದವರೆಗೆ ಬೆಲ್ಟಿನ ಕಂದು ಗಾಯ. ಇನ್ಸ್‌ಪೆಕ್ಟರ್ ತನ್ನ ಎದೆಯ ಮೇಲೆ ಕೈ ಎಳೆದುಕೊಂಡು ನೋಡಿದ. ಬಲಕ್ಕೆ ಕುಳಿತ ಡ್ರೈವರನ ಬೆಲ್ಟು ಬಲ ಹೆಗಲಿನಿಂದ ಇಳಿಯುತ್ತದೆ. ಎಡ ಹೆಗಲಿನಿಂದ ಇಳಿಯುವುದು ಪಕ್ಕದ ಸೀಟಿನವರದ್ದು.

ಎರಡು ಸಲ ಓದಿದ್ದ ಈ ಸಾಲನ್ನು. ಚಪ್ಪಾಳೆಯ ಸದ್ದಿನಲ್ಲಿ ಓದಿದ್ದನ್ನು ಓದು ಎನ್ನಬಹುದಾದರೆ.

“ದಫೇದಾರ್ರೇ,” ಎಂದು ಕರೆದ. “ಡ್ರೈವರನ್ನ ಕರ್ಕೊಂಡು ಆ ಕಡೆ ಇರೋ ಚಹಾ ಅಂಗಡಿಗೆ ಹೋಗಿ, ಒಂದು ನಿಂಬೆಹಣ್ಣು ಕೊಡ್ಸಿ. ನಾನು ಕರೆಯೋವರೆಗೂ ಅಲ್ಲೇ ಇರಿ.”

“ಆರೋಪಿ ಒಬ್ಬನೇ ಸಾರ್...”

“ಓಡಿ ಹೋಗೋ ಕಾಲಲ್ಲ ಅವು. ಕೀ ಕೊಡಿ.”

ಅವರು ಹೋದ ಮೇಲೆ ಇನ್ಸ್‌ಪೆಕ್ಟರ್ ಕೋಳ ಬಿಚ್ಚಿದ. ಮುದುಕ ಮಣಿಕಟ್ಟು ಉಜ್ಜಿಕೊಳ್ಳುತ್ತ ಗೋಡೆಗೆ ಒರಗಿ ಕುಳಿತ.

“ಮಾವ,” ಎಂದ ಇನ್ಸ್‌ಪೆಕ್ಟರ್.

ಗೇರಣ್ಣ ತಲೆ ಎತ್ತಲಿಲ್ಲ. “ಈಗ ನೆನಪಾಯ್ತಾ ಸಾಹೇಬ್ರಿಗೆ?”

“ಸಾಹೇಬ ಅನ್ಬೇಡಿ. ಬೇಕಾದ್ರೆ ಕೆನ್ನೆಗೆ ಬಾರಿಸಿ.”

“ನಿನಗೆ ಹೊಡೆದು ನನ್ನ ಕೈ ನೋಯಿಸ್ಕೊಳ್ಳೋದ್ಯಾಕೆ.”

“ಟೀವಿಯವರ ಮುಂದೆ ನಾನು ಅಷ್ಟೆಲ್ಲ ಮಾತಾಡುವಾಗ ಸುಮ್ಮನೆ ಯಾಕೆ ನಿಂತಿದ್ರಿ? ಹೊರೆ ಇತ್ತು, ದೀಪ ಹಾಕಿದ್ದೆ, ಒಳಬದಿ ನಂದು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ?”

“ಯಾರಿಗೆ ಹೇಳ್ಲಿ? ಗೊತ್ತಿಲ್ದೋನಿಗೆ ಹೇಳ್ಬಹುದು. ನೀನು ಗೊತ್ತಿರೋನು.” ಮುದುಕನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ಇನ್ಸ್‌ಪೆಕ್ಟರನಿಗೆ ಅನ್ನಿಸಿತು.

“ನನಗೆ ನೆನಪಿರ್ಲಿಲ್ಲ ಮಾವ. ಅಲ್ಲ... ನೆನಪು ಮಾಡ್ಕೊಳ್ಳೋಕೆ ಇಷ್ಟ ಇರ್ಲಿಲ್ಲ. ಅದನ್ನ ನೆನಪು ಮಾಡ್ಕೊಂಡ್ರೆ ಅಪ್ಪನ ಲಾರಿನೂ ಬರುತ್ತಲ್ಲ ಜೊತೆಗೆ. ಪುಸ್ತಕದಲ್ಲಿರೋ ಕಾನೂನು ಹಿಡ್ಕೊಂಡು ಕೂತುಬಿಟ್ಟೆ. ನಾಚಿಕೆಗೆಟ್ಟೋನು ನಾನು.”

ಗೇರಣ್ಣ ಈಗ ತಲೆ ಎತ್ತಿದ. ಅವನ ಹುಬ್ಬು ಗಂಟಿಕ್ಕಿತ್ತು. ತಪ್ಪೊಪ್ಪಿಗೆ ಕೇಳಿ ಸಮಾಧಾನವಾದವನ ಮುಖವಲ್ಲ ಅದು, ಲೆಕ್ಕ ತಪ್ಪಿದವನ ಮುಖ.

“ಒಂದ್ನಿಮಿಷ,” ಎಂದ. “ನೆನಪಿರ್ಲಿಲ್ಲ ಅಂದ್ರೆ? ಅವತ್ತು ಹಾಗೆ ಹೇಳಿದ್ದು... ಬೇಕು ಅಂತ ಅಲ್ವಾ?”

“ಬೇಕು ಅಂತ ಯಾಕೆ ಹೇಳ್ಲಿ?”

ಮುದುಕ ಎದ್ದು, ಸೊಂಟ ಹಿಡಿದುಕೊಂಡು, ಕಣಿವೆಯ ಕಡೆ ಎರಡು ಹೆಜ್ಜೆ ಹೋಗಿ ನಿಂತ.

ಇನ್ಸ್‌ಪೆಕ್ಟರ್ ಹಿಂದೆಯೇ ಹೋದ. ನಾಚಿಕೆಯ ನಡುವೆಯೂ ಅವನೊಳಗಿನ ಪೊಲೀಸು ಎಚ್ಚರವಾಗಿದ್ದ. “ಮೇಷ್ಟ್ರು ಜೀಪು ಓಡಿಸ್ತಿರ್ಲಿಲ್ಲ. ಪಕ್ಕದ ಸೀಟಲ್ಲಿದ್ರು. ಬೆಲ್ಟಿನ ಗಾಯ ಎಡ ಹೆಗಲ ಮೇಲಿದೆ. ನೀವು ಕೆಳಗಿಳಿದು ಅವರನ್ನ ಹೊರಗೆ ಎಳ್ದು ಮಲಗಿಸಿದ್ರಿ, ಯಾವ ಸೀಟಿಂದ ಅಂತ ನಾವು ಕೇಳ್ಲಿಲ್ಲ. ಕೇಳ್ಬೇಕಿತ್ತು. ಯಾರು ಮಾವ ಓಡಿಸ್ತಿದ್ದದ್ದು?”

“ನಾನು ನೋಡ್ಲಿಲ್ಲ.”

“ಎದುರುಬದುರು ಬಂದಿದ್ದೀರಿ. ನೋಡ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?”

“ವಯಸ್ಸಾಯ್ತು, ಕಣ್ಣು ಮಂಜು.”

“ಆ ಟ್ಯಾಂಕರ್‌ನೋನು ಅಂಗೈ ಎತ್ತಿದ್ದು ಹಿಂದಿನ ಸೀಟಿಂದ ಕಾಣಿಸ್ತು ನಿಮಗೆ, ‘ಕೈ ಮರೆತಿಲ್ಲ’ ಅಂದ್ರಿ.” ಇನ್ಸ್‌ಪೆಕ್ಟರ್ ಮುಂದೆ ಬಂದು ಅಡ್ಡ ನಿಂತ. “ಈ ಬೆಟ್ಟದ ಕಟ್ಟಳೆ ಗೊತ್ತಿಲ್ದೋನು. ಹೊರಗಿನೋನು. ಆ ಹೋಟೆಲ್ ಮಾಲೀಕನಾ? ಮೇಷ್ಟ್ರ ಜಾಗದ ಮೇಲೆ ಕಣ್ಣಿಟ್ಟಿದ್ದ ಅವನು, ಎರಡು ಸಲ ಜಗಳ ಆಗಿತ್ತು. ಅವನೇ ಹೆದರಿಸಿದಾನಾ ನಿಮ್ಮನ್ನ? ಇವತ್ತೇ ಎಳ್ಕೊಂಡು ಬರ್ತೀನಿ.”

“ಮತ್ತೆ ಶುರುವಾಯ್ತಾ?” ಎಂದ ಗೇರಣ್ಣ. “ಒಬ್ಬನ ಕೊರಳಪಟ್ಟಿ ಬಿಟ್ಟು ಇನ್ನೂ ಕೈಯ ಬೆವರು ಆರಿಲ್ಲ, ಆಗ್ಲೇ ಇನ್ನೊಬ್ಬಂದು ಬೇಕಾ?”

ಇನ್ಸ್‌ಪೆಕ್ಟರ್ ನಾಲಿಗೆ ಕಚ್ಚಿಕೊಂಡ. ಒಂದು ವಾರದಲ್ಲಿ ಕಲಿತದ್ದು ಇಷ್ಟೇ. ಭೂಮಿ ಬಾಯಿ ಬಿಟ್ಟಿದ್ದರೆ ಆಗಲೇ ಇಳಿದುಬಿಡುತ್ತಿದ್ದ.

“ಆ ಹೋಟೆಲ್‌ನೋನಲ್ಲ. ಅವನ ಪಾಡಿಗೆ ಬಿಡು,” ಎಂದು ಮುದುಕ ಮತ್ತೆ ಕುಳಿತ. “ಕೊಲೆನೂ ಅಲ್ಲ, ಏನೂ ಅಲ್ಲ. ಮೇಷ್ಟ್ರ ಜೀಪು ಅಂತ ದೂರದಿಂದ್ಲೇ ಗೊತ್ತಾಯ್ತು. ಹೊರಗೆ ಸರಿಯುತ್ತೆ ಅಂತ ನಂಬಿ ಇಳಿದೆ. ಸರೀಲಿಲ್ಲ. ಮೇಷ್ಟ್ರು ಪಕ್ಕದಿಂದ ಕೈ ಹಾಕಿ ಸ್ಟೀರಿಂಗ್ ಎಳೆದ್ರು, ಅಷ್ಟರಲ್ಲಿ ಹೊತ್ತು ಮೀರಿತ್ತು. ನನ್ನ ಲಾರಿ ಮೂಲೆ ಅವರ ಮಗ್ಗುಲಿಗೆ ತಗುಲ್ತು. ಓಡಿಸ್ತಿದ್ದೋನು ಜೀಪು ಉರುಳೋಕೆ ಮೊದಲೇ ಹೊರಗೆ ಎಗರಿ ಪೊದೆ ಮೇಲೆ ಬಿದ್ದ. ಮೈ ಕೈ ತರಚಿತ್ತು, ಅಷ್ಟೇ. ಮೇಷ್ಟ್ರನ್ನ ಎಳೆದು ಮಲಗಿಸೋ ಹೊತ್ತಿಗೆ ಜೀವ ಹೋಗಿತ್ತು. ಅವನು ಅಲ್ಲೇ ನಿಂತು ಗೊಳೋ ಅಂತ ಅಳ್ತಿದ್ದ. ನಾನೇ ಹೋಗು ಅಂದೆ. ಕಾಲ್ದಾರಿ ತೋರಿಸ್ದೆ. ಯಾರಿಗೂ ಬಾಯಿ ಬಿಡ್ಬೇಡ, ನಾನು ನೋಡ್ಕೋತೀನಿ ಅಂದೆ.”

“ಯಾಕೆ? ಗುರುತಿಲ್ಲದೋನಿಗೋಸ್ಕರ ನೀವ್ಯಾಕೆ ಜೈಲಿಗೆ ಹೋಗ್ಬೇಕು?”

“ಗುರುತಿಲ್ದೋನು ಅಂತ ನಾನು ಹೇಳಿದ್ನಾ?”

ತಿರುವಿನಾಚೆ ಪ್ರವಾಸಿಗರ ಬಸ್ಸೊಂದು ಉದ್ದಕ್ಕೆ ಹಾರನ್ ಹಾಕುತ್ತ ಏರಿಬಂತು. ಕಿಟಕಿಗಳಲ್ಲಿ ಮಕ್ಕಳು ಕೈಬೀಸಿದರು.

“ಮೇಷ್ಟ್ರು ಹಿಂದಿನ ದಿನ ಸಿಕ್ಕಿದ್ರು,” ಎಂದ ಗೇರಣ್ಣ, ನೆಲ ನೋಡುತ್ತ. “ತುಂಬಾ ಖುಷಿಯಾಗಿದ್ರು. ‘ನಾಳೆ ಒಬ್ಬ ಹುಡುಗ ಬರ್ತಾನೆ ಕಣೋ. ಕಾಲೇಜು ಓದ್ತಾನೆ. ಅವರಜ್ಜ ಇಲ್ಲಿ ಲಾರಿ ಓಡಿಸ್ತಿದ್ರು ಅಂತ ಯಾವುದೋ ಹಳೇ ಫೋಟೋ ನೋಡಿ ಹುಡುಕ್ಕೊಂಡು ಬಂದಿದ್ದಾನೆ. ಮನೇಲಿ ಕೇಳಿದ್ರೆ ಅಜ್ಜ ಕಚೇರಿಯಲ್ಲಿದ್ರು ಅಂತಾರಂತೆ. ಅಜ್ಜನ ರಸ್ತೇಲಿ ಅವನ ಕೈಲೇ ಒಂದ್ಸಲ ಗಾಡಿ ಓಡಿಸ್ತೀನಿ’ ಅಂದ್ರು.”

ಇನ್ಸ್‌ಪೆಕ್ಟರ್ ಅಲುಗಲಿಲ್ಲ.

“ನಾನು ತಿರುವಿನಿಂದ ಇಳಿದ್ನಲ್ಲ,” ಮುದುಕನ ದನಿ ತಗ್ಗಿತು, “ಗಾಜಿನ ಹಿಂದೆ ಆ ಮುಖ ಕಂಡಾಗ ಒಂದು ಗಳಿಗೆ ನನಗೆ ಬುದ್ಧಿಯೇ ಓಡ್ಲಿಲ್ಲ. ನಿನ್ನಪ್ಪನೇ ಎದುರು ಬಂದ ಹಾಗಿತ್ತು. ಅದೇ ಹಣೆ, ಅದೇ ಮೂಗು. ಸ್ಟೀರಿಂಗ್ ಮೇಲೆ ಎದೆ ಊರಿ ಕೂರೋ ರೀತಿನೂ ಅದೇ. ನಿನ್ನಪ್ಪನಾದ್ರೆ ಹೊರಗೆ ಹೋಗ್ತಾನೆ ಅಂತ್ಲೇ ಬ್ರೇಕ್ ಹಾಕೋದು ತಡವಾಯ್ತು. ಅವನಿಗೇನು ಗೊತ್ತು, ಪಾಪ. ಯಾರು ಹೇಳಿಕೊಟ್ಟಿದ್ರು ಅವನಿಗೆ?”

ಮಗನಿಗೆ ಡ್ರೈವಿಂಗ್ ಕಲಿಸಿದ್ದು ಇನ್ಸ್‌ಪೆಕ್ಟರೇ. ಪೆರೇಡ್ ಮೈದಾನದಲ್ಲಿ, ಬಿಳಿ ಗೆರೆ ಎಳೆದು. ‘ಏನೇ ಆಗ್ಲಿ, ನಿನ್ನ ಎಡ ಬಿಡ್ಬೇಡ’ ಎಂದು ನೂರು ಸಲ ಹೇಳಿ, ತಪ್ಪಿದಾಗ ತಲೆಗೊಂದು ಮೊಟಕಿದ್ದ. ಹುಡುಗ ಹೇಳಿದ್ದನ್ನು ಪಾಲಿಸಿದ್ದಾನೆ. ಎಡ ಬಿಟ್ಟಿಲ್ಲ.

ಹೋದ ವಾರದಿಂದ ಮಗ ಕಾಲೇಜಿಗೆ ಹೋಗದೆ, ಮೋಟಾರ್‌ಸೈಕಲ್‌ನಿಂದ ಬಿದ್ದೆನೆಂದು ಹೇಳಿ, ಕೋಣೆಯ ಬಾಗಿಲು ಹಾಕಿಕೊಂಡಿದ್ದ. ಟೀವಿಯಲ್ಲಿ ತನ್ನ ಮಾತು ಬರುತ್ತಿದ್ದಾಗ ಇನ್ಸ್‌ಪೆಕ್ಟರ್ ದನಿ ಜೋರು ಮಾಡಿ, “ಬಾರೋ, ನಿಮ್ಮಪ್ಪನ್ನ ನೋಡು!” ಎಂದು ಆ ಬಾಗಿಲು ಬಡಿದಿದ್ದ.

ಅವನು ಮುದುಕನ ಪಕ್ಕದಲ್ಲೇ ಕುಳಿತುಬಿಟ್ಟ. “ನಾನು... ಗೊತ್ತಿದ್ದೂ ನಿಮ್ಮ ಮೇಲೆ ಹಾಕಿದೆ ಅಂದ್ಕೊಂಡ್ರಾ? ಮಗನ್ನ ಉಳಿಸೋಕೆ?”

“ಮತ್ತಿನ್ನೇನು ಅಂದ್ಕೊಳ್ಲಿ? ಒಳಬದಿ ಹೊರಬದಿ ಗೊತ್ತಿರೋ ನೀನು, ಲಾರಿದೇ ತಪ್ಪು ಅಂತ ಲೋಕಕ್ಕೆಲ್ಲ ಕೇಳೋ ಹಾಗೆ ಕೂಗ್ತಿದ್ದೀಯ. ಹುಡುಗ ಎಲ್ಲಾ ಹೇಳಿದಾನೆ, ಇವನು ಹೀಗೆ ದಾರಿ ಮಾಡ್ಕೊಂಡಿದಾನೆ ಅಂದ್ಕೊಂಡೆ. ಅಪ್ಪ ಆದೋನು ಇನ್ನೇನು ಮಾಡ್ತಾನೆ. ನಾನೂ ಒಪ್ಕೊಂಡೆ. ನಿನ್ನಪ್ಪ ನನ್ನನ್ನ ಎರಡು ಸಲ ಕುಸಿದ ಸುರಂಗದಿಂದ ಹೊತ್ಕೊಂಡು ಬಂದೋನು.”

ಇದನ್ನು ಕೇಳುವುದಕ್ಕಿಂತ ‘ಥೂ’ ಎಂದು ಉಗಿಸಿಕೊಳ್ಳುವುದು ಎಷ್ಟೋ ಸುಲಭವಿತ್ತು. ತನ್ನನ್ನು ಅಷ್ಟು ನೀಚನೆಂದುಕೊಂಡೂ ಈ ಮನುಷ್ಯ ಬಾಯಿ ಬಿಟ್ಟಿರಲಿಲ್ಲ. ಇನ್ಸ್‌ಪೆಕ್ಟರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅತ್ತನೋ ಇಲ್ಲವೋ, ಮುದುಕ ಆ ಕಡೆ ನೋಡಲಿಲ್ಲ.

ಫೋನು ಬಡಿದುಕೊಂಡಿತು. ದೊಡ್ಡ ಸಾಹೇಬರು. ಅವರ ದನಿ ಎಷ್ಟು ಗಟ್ಟಿಯೆಂದರೆ, ಪಕ್ಕದಲ್ಲಿ ಕುಳಿತವರಿಗೂ ಒಂದಕ್ಷರ ಬಿಡದೆ ಕೇಳುತ್ತಿತ್ತು.

“ಏನ್ರೀ, ಮಹಜರು ಮುಗೀತಾ? ಆರೋಪಪಟ್ಟಿ ರೆಡಿ ಇದೆ, ನಿಮ್ಮ ಸಹಿಗೆ ಕಾಯ್ತಿದೆ. ಕೊಲೆ ಅಂತಾನೇ ಹಾಕಿಸಿದೀನಿ.”

“ಸಾರ್, ಅದರಲ್ಲಿ ಒಂದು...”

“ತಡೀರಿ, ಇನ್ನೊಂದು ವಿಷಯ. ನಿಮ್ಮ ಮಗ ಬಂದಿದಾನ್ರೀ ಇಲ್ಲಿ. ಲಾರಿ ಕೇಸಿನ ಬಗ್ಗೆ ನನ್ನ ಹತ್ರಾನೇ ಮಾತಾಡ್ಬೇಕಂತೆ. ನಿಮ್ಮಪ್ಪಂಗೇ ಹೇಳಪ್ಪಾ ಅಂದೆ. ಅಪ್ಪನ ಮುಖ ನೋಡಿ ಹೇಳೋಕೆ ನಾಚಿಕೆ ಆಗುತ್ತೆ ಅಂತಾನೆ. ಜ್ವರ ಬಂದಿರೋ ಹಾಗಿದೆ, ಕೈ ಎಲ್ಲಾ ಗಾಯ. ಏನೋ ತಲೆ ಕೆಡಿಸ್ಕೊಂಡಿದಾನೆ ಅನ್ಸುತ್ತೆ. ಸದ್ಯಕ್ಕೆ ಹೊರಗೆ ಬೆಂಚಿನ ಮೇಲೆ ಕೂರಿಸಿದೀನಿ. ಏನ್ಮಾಡ್ಲಿ? ಒಳಗೆ ಕರೆದು ಹೇಳಿಕೆ ತಗೊಳ್ಲಾ, ಇಲ್ಲ ಜೀಪಲ್ಲಿ ಮನೆಗೆ ಕಳಿಸ್ಲಾ?”

ಇನ್ಸ್‌ಪೆಕ್ಟರ್ ಫೋನನ್ನು ಕಿವಿಗೆ ಒತ್ತಿಕೊಂಡ.

ಗೇರಣ್ಣ ಅವನ ಇನ್ನೊಂದು ಕಿವಿಯ ಹತ್ತಿರ ಬಾಗಿದ. “ಮನೆಗೆ ಕಳಿಸಿ ಅನ್ನು,” ಎಂದು ಪಿಸುಗುಟ್ಟಿದ. “ನಂದು ಆಗಿಹೋದ ಜೀವ ಮಗಾ. ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ನಾನು ಸಾಯೋವರೆಗೂ ಯಾರಿಗೂ ಹೇಳಲ್ಲ. ಹೇಳು, ಕಳಿಸಿ ಅನ್ನು.”

“ಹಲೋ? ಕೇಳಿಸ್ತಿದೆಯೇನ್ರೀ?” ಎಂದರು ದೊಡ್ಡ ಸಾಹೇಬರು. “ಹುಡುಗ ಎದ್ದು ಬಾಗಿಲ ಹತ್ರಾನೇ ಬಂದು ನಿಂತಿದಾನೆ. ಒಂದು ಮಾತು ಹೇಳ್ರೀ, ಒಳಗೆ ಕರೀಲಾ, ಕಳಿಸ್ಲಾ?”